ಶುಗರ್ ಔಷಧಿ ಲಿವರ್‌ಗೆ ಬಂದ ಕಥೆ

ಹೊಟ್ಟೆ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್’ ಅಂತ ಬಂದರೆ ನಮ್ಮ ಊರುಗಳಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಕುಡೀತಾರಾ?’ ಹೆಂಡದ ವಾಸನೆಯನ್ನೂ ಕಾಣದ ಹೆಂಗಸರಿಗೂ ಈ ಅನುಮಾನ ತಪ್ಪಿದ್ದಲ್ಲ. ಒಂದು ಕಾಲಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳಿಗೂ ಇದೇ ಅನುಮಾನ ಇತ್ತು.

1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ಜರ್ಗನ್ ಲುಡ್ವಿಗ್ ಮತ್ತು ಸಂಗಡಿಗರು 20 ರೋಗಿಗಳ ಲಿವರ್ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದನ್ನು ಬರೆದರು. ನೋಡಲು ಥೇಟ್ ಕುಡುಕರ ಲಿವರ್. ಆದರೆ ಇವರು ಕುಡಿಯುವವರಲ್ಲ. ಹೆಚ್ಚಿನವರು ದಪ್ಪ ಮೈಯವರು, ಹಲವರಿಗೆ ಸಕ್ಕರೆ ಕಾಯಿಲೆ. ಈ ಕಾಯಿಲೆಗೆ ಅವರು ‘ನ್ಯಾಶ್’ ಎಂದು ಹೆಸರಿಟ್ಟರು.

ಸಕ್ಕರೆ ಕಾಯಿಲೆಗೂ ಲಿವರ್‌ಗೂ ಏನು ನಂಟು? ಇನ್ಸುಲಿನ್ ಹೇಳಿದ ಮಾತನ್ನು ದೇಹ ಕೇಳದಿದ್ದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ, ಜೊತೆಗೆ ಕೊಬ್ಬು ಹೋಗಿ ಲಿವರ್‌ನಲ್ಲಿ ಕೂರುತ್ತದೆ. ಕೆಲವರಲ್ಲಿ ಅಲ್ಲಿ ಉರಿಯೂತವಾಗಿ, ಗಾಯದ ಕಲೆಯಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಕೊನೆಯ ಹಂತವೇ ಸಿರೋಸಿಸ್. ಹಾಗಾದರೆ ಶುಗರ್ ಔಷಧಿಯೇ ಲಿವರನ್ನೂ ಸರಿ ಮಾಡಬಹುದಲ್ಲ? ಸಂಶೋಧಕರು ಹೊರಟದ್ದು ಈ ಪ್ರಶ್ನೆ ಹಿಡಿದು.

ಮೊದಲ ಹೆಜ್ಜೆಗಳು ಎಡವಿದವು. 2001ರಲ್ಲಿ ಇಟಲಿಯ ವೈದ್ಯರು 20 ರೋಗಿಗಳಲ್ಲಿ ಮೆಟ್‌ಫಾರ್ಮಿನ್ ಪರೀಕ್ಷಿಸಿದರು. ಮಾತ್ರೆ ನುಂಗಿದವರ ರಕ್ತದ ರಿಪೋರ್ಟು ಸುಧಾರಿಸಿತು. ಆದರೆ ಮುಂದೆ ಲಿವರ್ ಚೂರು ತೆಗೆದು ನೋಡಿದ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಟ್ರೊಗ್ಲಿಟಜೋನ್ ಎಂಬ ಇನ್ನೊಂದು ಶುಗರ್ ಮಾತ್ರೆ ಲಿವರನ್ನೇ ಕೆಡಿಸಿತು. 1997ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದದ್ದನ್ನು 2000ದಲ್ಲಿ ವಾಪಸ್ ತೆಗೆದರು.

ಅದೇ ಜಾತಿಯ ಪಯೋಗ್ಲಿಟಜೋನ್ ಮಾತ್ರ ಆಸೆ ಉಳಿಸಿತು. 2010ರಲ್ಲಿ ಪ್ರಕಟವಾದ ‘ಪಿವೆನ್ಸ್’ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇಲ್ಲದ 247 ರೋಗಿಗಳಿದ್ದರು. ಚಿಕಿತ್ಸೆ 96 ವಾರ. ವಿಟಮಿನ್ ಇ ತೆಗೆದುಕೊಂಡವರಲ್ಲಿ ನೂರಕ್ಕೆ 43, ಪಯೋಗ್ಲಿಟಜೋನ್ ತೆಗೆದುಕೊಂಡವರಲ್ಲಿ 34, ಔಷಧಿಯೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ 19 ಜನರ ಲಿವರ್ ಸುಧಾರಿಸಿತು. ಹುಸಿ ಮಾತ್ರೆಯಲ್ಲೂ 19! ‘ನನಗೆ ಆ ಔಷಧಿಯಿಂದ ವಾಸಿಯಾಯ್ತು’ ಎಂಬ ಒಬ್ಬರ ಮಾತು ಪುರಾವೆಯಾಗದಿರುವುದು ಇದಕ್ಕೇ. ಪರೀಕ್ಷೆಗೆ ಮೊದಲೇ ಹಾಕಿಕೊಂಡ ಕಟ್ಟುನಿಟ್ಟಿನ ಗೆರೆಯನ್ನು ಪಯೋಗ್ಲಿಟಜೋನ್ ದಾಟಲಿಲ್ಲ, ಮೇಲಾಗಿ ಮೈತೂಕ ಹೆಚ್ಚಿಸಿತು.

ಆಮೇಲೆ ಚುಚ್ಚುಮದ್ದಿನ ಕಾಲ ಬಂತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವೈದ್ಯರ ನೇತೃತ್ವದಲ್ಲಿ ಲಿರಾಗ್ಲುಟೈಡ್ ಎಂಬ ಶುಗರ್ ಇಂಜೆಕ್ಷನ್ ಕೊಟ್ಟಾಗ 23 ಜನರಲ್ಲಿ 9 ಮಂದಿಯ ಉರಿಯೂತದ ಕಾಯಿಲೆ ಇಳಿಯಿತು, ಹುಸಿ ಚುಚ್ಚುಮದ್ದಿನಲ್ಲಿ 22ಕ್ಕೆ 2. ಅದರ ತಮ್ಮನಂತಿರುವ ಸೆಮಾಗ್ಲುಟೈಡ್‌ನ ಫಲಿತಾಂಶ 2025ರಲ್ಲಿ ಬಂತು. 800 ರೋಗಿಗಳು, 72 ವಾರ. ನೂರಕ್ಕೆ ಸುಮಾರು 63 ಜನರಲ್ಲಿ ಕಾಯಿಲೆ ಇಳಿಯಿತು, ಹುಸಿ ಚುಚ್ಚುಮದ್ದಿನಲ್ಲಿ 34. ಅದೇ ಆಗಸ್ಟ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ಅದೂ ಲಿವರ್ ಸಾಕಷ್ಟು ಗಟ್ಟಿಯಾಗಿದ್ದು ಇನ್ನೂ ಸಿರೋಸಿಸ್ ಆಗದವರಿಗೆ ಮಾತ್ರ.

ನಮ್ಮ ದೇಶದ ಪಾಲೂ ಇದೆ. ಸಕ್ಕರೆ ಕಾಯಿಲೆಯವರ ರಕ್ತದ ಕೊಬ್ಬು ಇಳಿಸಲು ಝೈಡಸ್ ಕಂಪನಿ 2013ರಲ್ಲಿ ತಂದ ಸರೋಗ್ಲಿಟಜಾರ್ ಮಾತ್ರೆಗೆ 2020ರಲ್ಲಿ ಭಾರತ ಸರ್ಕಾರ ನ್ಯಾಶ್‌ಗೂ ಒಪ್ಪಿಗೆ ನೀಡಿತು. 2021ರಲ್ಲಿ ಕೇಂದ್ರ ಸರ್ಕಾರ ಕುಡಿತದಿಂದಲ್ಲದ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ನೋಡಿಕೊಳ್ಳುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಈ ನಲವತ್ತೈದು ವರ್ಷದ ಕಥೆಯಿಂದ ನಾವು ಹಿಡಿದುಕೊಳ್ಳಬೇಕಾದದ್ದು ಎರಡು. ಒಂದು, ಮನೆಯಲ್ಲಿ ಯಾರದೋ ಶುಗರ್ ಮಾತ್ರೆ ಇದೆ ಎಂದು ಲಿವರ್‌ಗೆ ನುಂಗಬೇಡಿ. ಎಲ್ಲ ಶುಗರ್ ಔಷಧಿಯೂ ಲಿವರ್ ಔಷಧಿಯಲ್ಲ. ಎರಡು, ಕ್ಯೂಬಾ ದೇಶದಲ್ಲಿ 293 ರೋಗಿಗಳನ್ನು ಒಂದು ವರ್ಷ ಊಟ, ನಡಿಗೆಯ ಶಿಸ್ತಿನಲ್ಲಿಟ್ಟು ನೋಡಿದ ಫಲಿತಾಂಶ 2015ರಲ್ಲಿ ಬಂತು. ಮೈತೂಕದ ಹತ್ತನೇ ಒಂದು ಭಾಗ ಇಳಿಸಿದವರಲ್ಲಿ ನೂರಕ್ಕೆ 90 ಜನರ ನ್ಯಾಶ್ ಇಳಿದಿತ್ತು. 70 ಕೆ.ಜಿ. ಇರುವವರಿಗೆ ಅದು 7 ಕೆ.ಜಿ. ಸುಲಭವಲ್ಲ, ಅಷ್ಟು ಇಳಿಸಿದವರು ಅಲ್ಲೂ ಕಡಿಮೆಯೇ. ಆದರೂ ಡಾಕ್ಟರು ಮೊದಲು ‘ತೂಕ ಇಳಿಸಿ’ ಎಂದರೆ ಮಾತ್ರೆ ಬರೆಯಲಿಲ್ಲವೆಂದು ಬೇಸರಪಡಬೇಡಿ.