ಸಾಯೋ ಮಾತು ಬದುಕಿದ್ದಾಗಲೇ ಆಡಬೇಕು

ನಮ್ಮೂರು ಬಂಕಾಪುರದ ಹತ್ತಿರ. ಹೊಟ್ಟೆಪಾಡಿಗೆಂದು ಗೋವಾದ ವಾಸ್ಕೋಕ್ಕೆ ಹೋಗಿ ಮೂವತ್ತು ವರ್ಷ ಆಯಿತು. ಅವ್ವ ಕಡೇ ಕಾಲಕ್ಕೆ ನನ್ನ ಹತ್ತಿರವೇ ಇದ್ದಳು. ಒಂದು ಸಂಜೆ ಬಾಗಿಲಲ್ಲಿ ಕುಂತು, "ತಮ್ಮಾ, ನನಗ ಏನರ ಆದ್ರ ನಳಿಗಿ ಹಾಕಿಸಿ ಮಲಗಿಸಬ್ಯಾಡ. ಊರಿಗೆ ಒಯ್ದುಬಿಡು" ಅಂದಳು. "ಸಂಜೀ ಹೊತ್ತಿನಾಗ ಅಂಥಾ ಮಾತು ಬಿಡಬೇ" ಎಂದು ಬಾಯಿ ಮುಚ್ಚಿಸಿದೆ.

ಎಂಟು ತಿಂಗಳಿಗೆ ಅವ್ವನ ತಲೆಯಲ್ಲಿ ರಕ್ತಸ್ರಾವವಾಯಿತು. ಹನ್ನೊಂದು ದಿನ ವೆಂಟಿಲೇಟರ್. ಮುಂದೇನು ಎಂದು ಡಾಕ್ಟರು ಕೇಳಿದರೆ ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅವ್ವ ಹೇಳಿದ್ದು ನನಗೊಬ್ಬನಿಗೇ ಗೊತ್ತು. ಹೇಳಿದರೆ "ಖರ್ಚಿಗೆ ಅಂಜಿ ಹಿಂಗ ಅಂತಾನ" ಅಂದಾರೆಂದು ನಾಲಿಗೆ ಏಳಲಿಲ್ಲ. ಕಡೆಗೆ ಊರಿಗೆ ಒಯ್ದದ್ದು ಹೆಣವನ್ನು.

ನಮ್ಮ ಹಿರಿಯರು ಸಾವಿನ ಮಾತಿಗೆ ಇಷ್ಟು ಅಂಜುತ್ತಿರಲಿಲ್ಲ. ಗಂಗರ ದೊರೆ ಮಾರಸಿಂಹ ರಾಜ್ಯ ಬಿಟ್ಟು, ಸುಮಾರು 974ರಲ್ಲಿ ಇದೇ ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಶ್ರವಣಬೆಳಗೊಳದ ಕಂಬದ ಶಾಸನ ಅದನ್ನು ಹೇಳುತ್ತದೆ. ಹಾಗೆ ಹೋದವರ ನೆನಪಿಗೆ ನಿಸಿದಿ ಕಲ್ಲು, ಕಾದಿ ಸತ್ತವರಿಗೆ ವೀರಗಲ್ಲು. ಸಲ್ಲೇಖನ ವ್ರತದ ಮಾತು, ದವಾಖಾನೆಯ ಮಾತು ಬೇರೆ. ಎರಡನ್ನೂ ಒಂದು ಮಾಡಬಾರದು. ಆದರೆ ಸಾವನ್ನು ಊರ ಮುಂದೆ ಕಲ್ಲಿನಲ್ಲಿ ಬರೆದು ನಿಲ್ಲಿಸಿದ ಜನ ನಾವು. ಸಾವಿಲ್ಲದ ಮನೆಯ ಸಾಸಿವೆಯ ಕಥೆಯನ್ನು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತೇವೆ. ಮನೆಯಲ್ಲಿ ಮಾತ್ರ ಬಾಯಿ ಕಟ್ಟುತ್ತದೆ.

ಈಗಿನ ಕಾನೂನಿನ ಕಥೆಯೂ ನಮ್ಮ ಕಡೆಯ ಹೆಣ್ಣುಮಗಳಿಂದಲೇ ಶುರುವಾಗುತ್ತದೆ. ಹೊನ್ನಾವರ ತಾಲೂಕು ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅವರ ಮೇಲೆ ಹಲ್ಲೆಯಾಯಿತು. ಮತ್ತೆ ಏಳಲೇ ಇಲ್ಲ. 2015ರಲ್ಲಿ ತೀರಿಕೊಳ್ಳುವ ತನಕ ಅದೇ ಆಸ್ಪತ್ರೆಯ ನರ್ಸುಗಳು ಅವರನ್ನು ಕೂಸಿನಂತೆ ನೋಡಿಕೊಂಡರು. ಅವರಿಗೆ ಮುಕ್ತಿ ಕೊಡಿ ಎಂದು ಲೇಖಕಿ ಪಿಂಕಿ ವಿರಾನಿ ಹಾಕಿದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆದರೆ ಗುಣವಾಗದ ರೋಗಿಗೆ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಲು, ಹೈಕೋರ್ಟಿನ ಅನುಮತಿಯಿಂದ, ದಾರಿ ತೆರೆಯಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದಿತು. ಮುಂಚೆಯೇ ಬರೆದಿಡುವ ಜೀವಂತ ಉಯಿಲಿಗೆ ಮಾನ್ಯತೆ ಸಿಕ್ಕಿತು. ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಬಡವರಿಗೆ ಆಗದ ಕೆಲಸ. 2023ರಲ್ಲಿ ಅದು ಸರಳವಾಯಿತು. ಈಗ ಇಬ್ಬರು ಸಾಕ್ಷಿ, ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು.

2024ರ ಮೇ ತಿಂಗಳ ಕಡೆಗೆ, ಮುಂಬಯಿ ಹೈಕೋರ್ಟಿನ ಗೋವಾ ಪೀಠದ ನ್ಯಾಯಮೂರ್ತಿ ಎಂ. ಎಸ್. ಸೋನಕ್ ತಮ್ಮ ಜೀವಂತ ಉಯಿಲನ್ನು ನೋಂದಾಯಿಸಿದರು. ಗೋವಾದಲ್ಲಿ ಅದೇ ಮೊದಲನೆಯದು. 2025ರ ಜನವರಿ ಕಡೆಗೆ ಕರ್ನಾಟಕದ ಆರೋಗ್ಯ ಇಲಾಖೆಯೂ ಸುತ್ತೋಲೆ ಹೊರಡಿಸಿತು.

ಕೆಲವರು ಇದನ್ನು ಇಂಜೆಕ್ಷನ್ ಕೊಟ್ಟು ಸಾಯಿಸೋದು ಅಂತ ತಿಳಿದಾರೆ. ಅಲ್ಲ, ಅದು ಇಂದಿಗೂ ಅಪರಾಧ. ಗುಣವಾಗುವ ಆಸೆ ಇಲ್ಲದಾಗ, ತನಗೇ ಮಾತಾಡಲು ಆಗದಾಗ ಯಾವ ಚಿಕಿತ್ಸೆ ಬೇಡ, ತನ್ನ ಪರವಾಗಿ ಯಾರು ಹೇಳಬೇಕು ಎಂದು ಬರೆಯುವುದು ಅಷ್ಟೇ. ಮುಂದೆ ಎರಡು ವೈದ್ಯರ ಮಂಡಳಿಗಳು ಒಪ್ಪಬೇಕು, ಮನೆಯವರ ಸಮ್ಮತಿ ಬೇಕು. ನೋವು ಕಡಿಮೆ ಮಾಡುವ ಆರೈಕೆ ನಿಲ್ಲುವುದಿಲ್ಲ. ಮನಸ್ಸು ಬದಲಾದರೆ ಉಯಿಲನ್ನು ಹಿಂತೆಗೆದುಕೊಳ್ಳಬಹುದು.

ಹೋದ ವರ್ಷ ನಾನೂ ಬರೆದೆ. ಮಗನ ಕೈಗೆ ಕೊಟ್ಟರೆ, "ಅಂಥಾ ಮಾತು ಬಿಡಪಾ" ಅಂದ.

"ನಾನೂ ನಿಮ್ಮಜ್ಜಿಗೆ ಹಿಂಗ ಅಂದಿದ್ದೆ" ಎಂದು ಹನ್ನೊಂದು ದಿನದ ಕಥೆ ಪೂರಾ ಹೇಳಿದೆ. ಅವನು ಕಾಗದ ತಗೊಂಡು ಓದಿದ. ಓದಿ, ತಂಗಿಯನ್ನೂ ಕರೆದು ಕೂರಿಸಿದ.