ಕಡಲಿಲ್ಲದ ಊರಿನಲ್ಲಿ ಹಡಗಿನವರ ನೆನಪು

ಬೆಂಗಳೂರಿನ ನಮ್ಮ ಉತ್ತರ ಕನ್ನಡದವರ ಸಂಘದ ಸ್ಮರಣ ಸಂಚಿಕೆಗೆ ಹಡಗಿನವರ ಬಗ್ಗೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ಮರುಮಾತಿಲ್ಲದೆ ಒಪ್ಪಿಕೊಂಡೆ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲೆ ನಿಂತ ನಮ್ಮ ಉತ್ತರ ಕನ್ನಡದವರಲ್ಲಿ ಮಾಸ್ತರರು, ವಕೀಲರು, ಬ್ಯಾಂಕಿನವರು ಯಾರು ಯಾರಿದ್ದರು ಎಂದು ಎಲ್ಲರೂ ಹೇಳುತ್ತಾರೆ. ಮುಂಬಯಿಗೆ ಹೋಗಿ ಹಡಗು ಹತ್ತಿದವರನ್ನು ಅವರ ಮೊಮ್ಮಕ್ಕಳೇ ಮರೆಯುತ್ತಿದ್ದಾರೆ. ಅವರಿಗೆ ದಕ್ಕಿದ ಸಂಬಳ, ರಜೆ, ಗೌರವ ಯಾವುದೂ ತಾನಾಗಿ ಬಂದದ್ದಲ್ಲ. ದಡದಲ್ಲಿ ನಿಂತು ಅವರಿಗಾಗಿ ಹೆಣಗಿದವರಿದ್ದರು, ಅವರಲ್ಲಿ ನಮ್ಮ ಅಂಕೋಲೆಯ ದಿನಕರ ದೇಸಾಯಿಯವರದು ದೊಡ್ಡ ಹೆಸರು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ದೊಡ್ಡ ಹಡಗಿನ ಮೇಲೆ ಅಧಿಕಾರಿ ಎಂದರೆ ಹೆಚ್ಚುಕಡಿಮೆ ಬ್ರಿಟಿಷರೇ. ನಮ್ಮವರು ಡೆಕ್ಕಿನ ಮೇಲೆ ದುಡಿಯುವ ಖಲಾಸಿ, ಅಡುಗೆಯ ಭಂಡಾರಿ, ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಆಗ್‌ವಾಲಾ. ಮೇಲೇರಿದರೆ ಖಲಾಸಿಗಳ ಮೇಲ್ವಿಚಾರಕನಾದ ಟಿಂಡಾಲ್, ಅವನ ಮೇಲಿನ ಸೆರಾಂಗ್. ಬ್ರಿಟಿಷ್ ಅಧಿಕಾರಿಗಳಿಗೆ ಲಿವರ್‌ಪೂಲಿನಲ್ಲಿ 1857ರಿಂದಲೇ ತಮ್ಮದೊಂದು ಸಂಘವಿತ್ತು. ಹಡಗು ಬಂಡೆಗೆ ತಾಗಿ ವಿಚಾರಣೆ ನಡೆದರೆ ಕ್ಯಾಪ್ಟನ್ ಒಬ್ಬನೇ ಕಟಕಟೆಯಲ್ಲಿ ನಿಲ್ಲಬೇಕಾಗಿರಲಿಲ್ಲ, ಸಂಘ ಬೆನ್ನಿಗಿರುತ್ತಿತ್ತು. ಸರ್ಟಿಫಿಕೇಟ್ ಅಮಾನತಾದರೆ ಅವನ ಅನ್ನವೇ ಹೋಗುತ್ತಿತ್ತಲ್ಲ! ನಮ್ಮ ಖಲಾಸಿಗಾದರೋ ಹಡಗು ಹತ್ತುವ ಮೊದಲೇ ದಲಾಲರಿಗೂ ದಡದಲ್ಲಿ ಆಳು ಒದಗಿಸುವ ಘಾಟ್ ಸೆರಾಂಗ್‌ಗೂ ಕೈ ಬಿಸಿ ಮಾಡಬೇಕು. ಈ ಪಿಡುಗನ್ನು 1922ರಲ್ಲಿ ನಾವಿಕರ ನೇಮಕಾತಿಯನ್ನು ಪರಿಶೀಲಿಸಿದ ಕ್ಲೋ ಸಮಿತಿ ಸರ್ಕಾರದ ಮುಂದಿಟ್ಟಿತು. ದಲಾಲರು ಮಾತ್ರ ಅಷ್ಟಕ್ಕೇ ಜಾಗ ಬಿಡಲಿಲ್ಲ.

ಹಡಗು ಮುಳುಗಿದ ದಿನವೇ ನಾವಿಕನ ಸಂಬಳವೂ ನಿಲ್ಲುವುದು ಆ ಕಾಲದ ಕಾನೂನು. ಈಜಿ ಬದುಕಿದವನು ಊರಿಗೆ ಬರಿಗೈಯಲ್ಲಿ ಬರಬೇಕು. 1920ರಲ್ಲಿ ಜಿನೋವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ, ಹಡಗು ಕಳೆದುಕೊಂಡವರಿಗೆ 2 ತಿಂಗಳವರೆಗಿನ ಸಂಬಳದಷ್ಟು ಪರಿಹಾರ ಸಿಗಬೇಕೆಂದು ಗೊತ್ತುಪಡಿಸಿತು. ಹಡಗುಗಳ ರಕ್ಷಣೆಗೆ ನಮ್ಮ ಕರಾವಳಿಯಲ್ಲಿ ದೀಪಸ್ತಂಭಗಳಿದ್ದವು, ಕಾಪುವಿನದು 1901ರದ್ದು. ಬಿರುಗಾಳಿಯ ಮುಂದೆ ದೀಪವೂ ಸಾಲದು. 1927ರ ನವೆಂಬರಿನಲ್ಲಿ ಕೊಂಕಣ ಕರಾವಳಿಯ ಜಯಂತಿ, ತುಕಾರಾಮ್ ಎಂಬ ಎರಡು ಹಡಗುಗಳು ಒಂದೇ ದಿನ ಮುಳುಗಿದವು.

ಭಾರತೀಯರು ಅಧಿಕಾರಿಗಳಾಗುವ ದಾರಿ ತೆರೆದದ್ದೂ ಅದೇ 1927ರಲ್ಲಿ. ಅದಕ್ಕೆ ಎಂಟು ವರ್ಷ ಮೊದಲು, 1919ರ ಏಪ್ರಿಲ್ 5ರಂದು, ಸಿಂಧಿಯಾ ಹಡಗು ಕಂಪನಿಯ ‘ಲಾಯಲ್ಟಿ’ ಮುಂಬಯಿಯಿಂದ ಲಂಡನ್ನಿಗೆ ಹೊರಟಿತ್ತು. ಕಂಪನಿ ನಮ್ಮದಾಯಿತು, ನಡೆಸುವ ಅಧಿಕಾರಿಗಳು ನಮ್ಮವರಿರಲಿಲ್ಲ. 1922ರಲ್ಲಿ ಪಿ. ಎಸ್. ಶಿವಸ್ವಾಮಿ ಅಯ್ಯರ್ ಈ ವಿಷಯವನ್ನು ಕೇಂದ್ರ ಶಾಸನಸಭೆಯಲ್ಲಿ ಎತ್ತಿದರು, ಅದನ್ನು ಪರಿಶೀಲಿಸಲು ಹೆಡ್ಲಂ ಸಮಿತಿ ಕುಳಿತಿತು, ಕೊನೆಗೆ ಮುಂಬಯಿ ಬಂದರಿನಲ್ಲಿ ‘ಡಫರಿನ್’ ತರಬೇತಿ ಹಡಗು ಲಂಗರು ಹಾಕಿತು. ಅಲ್ಲಿ ಕಲಿತು ಬಂದ ಹುಡುಗರಿಗೂ ವಿದೇಶಿ ಕಂಪನಿಗಳಲ್ಲಿ ಕೆಲಸ ಸುಲಭವಾಗಿರಲಿಲ್ಲ. 1939ರಲ್ಲಿ ಭಾರತೀಯ ಅಧಿಕಾರಿಗಳು ಮ್ಯಾರಿಟೈಮ್ ಯೂನಿಯನ್ ಆಫ್ ಇಂಡಿಯಾ ಕಟ್ಟಿಕೊಂಡದ್ದು ಈ ಹಿನ್ನೆಲೆಯಲ್ಲಿ. (ಸಿಂಧಿಯಾದ ವಾಲಚಂದ್ ಹೀರಾಚಂದರೇ 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದವರು ಎಂಬುದನ್ನು ಇಲ್ಲಿನ ನಮ್ಮ ಮಕ್ಕಳು ತಿಳಿದಿರಬೇಕು.)

ದಿನಕರ ದೇಸಾಯಿಯವರನ್ನು ಕನ್ನಡಿಗರು ಚುಟುಕ ಬ್ರಹ್ಮ ಎಂದು ಬಲ್ಲರು. 1909ರಲ್ಲಿ ಹುಟ್ಟಿದ ಅವರು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಸೇರಿ ಮುಂಬಯಿಯಲ್ಲಿ ನಾವಿಕರ ಸಂಘಟನೆಗೆ ಇಳಿದರು. ಭಾರತದ ಹಡಗು ಕಾರ್ಮಿಕರ ಸ್ಥಿತಿಗತಿ ಕುರಿತು 1940ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದೇ ಸುಮಾರಿಗೆ, ರೈತರ ಪರ ನಿಂತದ್ದಕ್ಕಾಗಿ ಸರ್ಕಾರ ಅವರನ್ನು ಉತ್ತರ ಕನ್ನಡದಿಂದ ಗಡಿಪಾರು ಮಾಡಿತ್ತು. ಹುಟ್ಟಿದ ಜಿಲ್ಲೆಗೆ ಕಾಲಿಡುವಂತಿಲ್ಲದ ಮನುಷ್ಯ, ಊರು ಬಿಟ್ಟು ಸಮುದ್ರದ ಮೇಲೆ ಬದುಕುವವರ ಪರವಾಗಿ ದುಡಿದರು! ಅದು ಎರಡನೇ ಮಹಾಯುದ್ಧದ ಕಾಲ. ಆ ಮಹಾಯುದ್ಧದಲ್ಲಿ ವ್ಯಾಪಾರಿ ಹಡಗುಗಳ ಮೇಲೆ ಸತ್ತ ಭಾರತೀಯ ನಾವಿಕರು 6,000ಕ್ಕೂ ಹೆಚ್ಚು. 1953ರಲ್ಲಿ ದೇಸಾಯಿಯವರು ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಲ್ಲಿ ನಮ್ಮಲ್ಲಿ ಎಷ್ಟು ಜನ ಓದಿಲ್ಲ! 1967ರಲ್ಲಿ ಅವರು ಲೋಕಸಭೆಗೂ ಆರಿಸಿ ಹೋದರು.

ಮುಂದಿನ ದಶಕಗಳದು ದೊಡ್ಡ ಕಥೆಯೇನಲ್ಲ. 1958ರಲ್ಲಿ ಹೊಸ ಹಡಗು ಕಾಯ್ದೆ ಬಂತು, 1966ರಲ್ಲಿ ನಾವಿಕರ ಭವಿಷ್ಯನಿಧಿ ಕಾಯ್ದೆ ಬಂತು, ನವಮಂಗಳೂರು ಬಂದರು ತೆರೆಯಿತು.

ನಾನು ಸಂಘದ ಕಾರ್ಯದರ್ಶಿಯಾಗಿದ್ದಾಗ ಚಾಮರಾಜಪೇಟೆಯ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಖಲಾಸಿಗಳ ಮನೆಯವರಿಗೆ ಭವಿಷ್ಯನಿಧಿಯ ಅರ್ಜಿ ತುಂಬಿಕೊಡುತ್ತಿದ್ದೆವು. ನನ್ನ ಮಟ್ಟಿಗೆ ಸಂಘ ಮಾಡಿದ ಅತ್ಯುತ್ತಮ ಕೆಲಸ ಅದೇ. ವಾರ್ಷಿಕೋತ್ಸವಗಳ ಫೋಟೋಗಳಲ್ಲಿ ಅದು ಕಾಣುವುದಿಲ್ಲ. ವಿಧವೆಯರು ಸೆರಗಿನಲ್ಲಿ ಸುತ್ತಿ ತರುತ್ತಿದ್ದ, ನಾವಿಕನ ಸೇವಾ ದಾಖಲೆಯಾದ ಸಿ.ಡಿ.ಸಿ. ಪುಸ್ತಕದಲ್ಲಿ ಹಡಗಿನ ಹೆಸರು, ಹತ್ತಿದ ಬಂದರು, ಇಳಿದ ಬಂದರು, ತಾರೀಖುಗಳು ಸಾಲಾಗಿರುತ್ತಿದ್ದವು. ಕೊನೆಯ ಅಂಕಣಗಳಲ್ಲಿ ಕೆಲಸಕ್ಕೊಂದು, ನಡತೆಗೊಂದು ‘ವೆರಿ ಗುಡ್’ ಮುದ್ರೆ. ಆ ಜಾಗದಲ್ಲಿ ಕ್ಯಾಪ್ಟನ್ ಅಭಿಪ್ರಾಯ ಕೊಡಲು ನಿರಾಕರಿಸಿದರೆ ಮುಂದಿನ ಹಡಗು ಸಿಗುವುದು ಕಷ್ಟವಾಗುತ್ತಿತ್ತು. ಪುಸ್ತಕದಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಎರಡೂ ಒಬ್ಬನದೇ ಎಂದು ಅಫಿಡವಿಟ್ ಮಾಡಿಸಿ ಮುಂಬಯಿಗೆ ಕಳಿಸಿ, ಹಣ ಬಂತೆಂದು ಆ ತಾಯಂದಿರು ಬಂದು ಹೇಳಿದಾಗ ಕೋಣೆಯಲ್ಲಿದ್ದ ನಮಗೆಲ್ಲ ಕಣ್ಣು ತುಂಬುತ್ತಿತ್ತು.

ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜನದೋ ದೊಡ್ಡಪ್ಪನದೋ ಸಿ.ಡಿ.ಸಿ., ಡಫರಿನ್ನಿನ ಫೋಟೋ, ಯೂನಿಯನ್ನಿನ ರಸೀದಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಸಂಘದ ಕಚೇರಿಗೆ ತನ್ನಿ. ಪ್ರತಿ ಮಾಡಿಕೊಂಡು ಮೂಲವನ್ನು ನಿಮಗೇ ಹಿಂದಿರುಗಿಸುತ್ತೇವೆ.