ಧ್ವಜ ಹೊಲಿಯುವವರ ಕೂಲಿ

ನಮ್ಮ ನವನಗರದಂತೆಯೇ ಹುಬ್ಬಳ್ಳಿಯ ಇನ್ನೊಂದು ಬಡಾವಣೆಯಾದ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಸಿದ್ಧವಾಗುತ್ತದೆ ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. 1957ರ ನವೆಂಬರ್ 1ರಂದು ಸ್ಥಾಪನೆಗೊಂಡ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಈ ಧ್ವಜ ವಿಭಾಗದಲ್ಲಿ ದುಡಿಯುವವರು ಹೆಚ್ಚಾಗಿ ಮಹಿಳೆಯರು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿಗೆ ಇಲ್ಲಿ ಬಣ್ಣ ಕೊಟ್ಟು, 24 ಅರಗಳ ಚಕ್ರ ಮುದ್ರಿಸಿ, ಹೊಲಿಯುತ್ತಾರೆ. ಅಳತೆ, ಬಣ್ಣ, ಹೊಲಿಗೆ ಯಾವುದು ತಪ್ಪಿದರೂ ಧ್ವಜ ತಿರಸ್ಕೃತವಾಗುತ್ತದೆ. ಇದು ನುರಿತ ಕೈಗಳ ಕಸುಬು.

ಇಂತಹ ದುಡಿಮೆಗೆ ತಕ್ಕ ಕೂಲಿ ಸಲ್ಲಬೇಕೆಂಬ ಚರ್ಚೆಗೆ ಖಾದಿಯಲ್ಲಿ ದೀರ್ಘ ಇತಿಹಾಸವಿದೆ. ಎಂಟು ಗಂಟೆ ನೂತವಳಿಗೆ ಎಂಟಾಣೆಯಾದರೂ ದೊರೆಯಬೇಕೆಂದು 1935ರಲ್ಲಿ ಗಾಂಧೀಜಿಯವರು ಹೇಳಿದರು. ಬೆಲೆ ಏರಿದರೆ ಖಾದಿ ಕೊಳ್ಳುವವರಾರು ಎಂಬ ಅಳುಕು ಕಾರ್ಯಕರ್ತರಲ್ಲಿತ್ತು. ಆದರೂ ಅಖಿಲ ಭಾರತ ಚರಕಾ ಸಂಘವು ಜೀವನಯೋಗ್ಯ ಕೂಲಿಯ ತತ್ತ್ವವನ್ನು ಅಂಗೀಕರಿಸಿತು.

ಅದೇ ಅಳುಕು ಬೆಂಗೇರಿಗೆ ಬೇರೊಂದು ರೂಪದಲ್ಲಿ ಬಂದಿತು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಧ್ವಜಸಂಹಿತೆಯು ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಪಾಲಿಯೆಸ್ಟರಿಗೂ ಸಮ್ಮತಿಯಿತ್ತಿತು. ಮನೆಮನೆಗೂ ಧ್ವಜ ಅಗ್ಗವಾಗಿ ತಲುಪಿತು, ನಿಜ. ಆದರೆ ಖಾದಿಯಲ್ಲಿ ಕೂಲಿ ಕೆಲಸದ ಪ್ರಮಾಣಕ್ಕೆ ತಕ್ಕಂತೆ ಬರುವಂಥದ್ದು. ಬೇಡಿಕೆ ಕುಗ್ಗಿದರೆ ಆ ತಾಯಂದಿರ ಮನೆಯ ಒಲೆಗೇ ಅದರ ಬಿಸಿ ತಟ್ಟುತ್ತದೆ. 2022ರಲ್ಲಿ ಸಂಘವು ಪ್ರತಿಭಟಿಸಿದ್ದು ಈ ಕಾರಣಕ್ಕೆ.

ಧ್ವಜ ನೆಲಕ್ಕೆ ತಾಗಬಾರದೆಂದು ತರಗತಿಯಲ್ಲಿ ನಿಮಗೆ ಕಲಿಸಿದ್ದೆವು. ಅದನ್ನು ಹೊಲಿದವಳ ಕೂಲಿಯನ್ನು ಕುರಿತೂ ವಿಚಾರಿಸಬೇಕೆಂಬುದನ್ನು ಆ ಪಾಠಕ್ಕೆ ಸೇರಿಸಿಕೊಳ್ಳಿ. ಮುಂದಿನ ಆಗಸ್ಟ್ 15ಕ್ಕೆ ಧ್ವಜ ಕೊಳ್ಳುವಾಗ ಬೆಂಗೇರಿಯನ್ನು ನೆನೆಯಿರಿ.